ಗೆರೆಯಾಚೆಯ ಒಂದು ಸಾಲು

ಆ ವಿಮಾನಕ್ಕೆ ಕಾಗದದ ಮೇಲೆ ಬರೀ ಒಂದು ನಂಬರಿತ್ತು. ಕಾರ್ಖಾನೆಯವರ ಬಾಯಲ್ಲಿ ಮಾತ್ರ ಅದು ‘ಬಸುರಿ’. ಹೊಟ್ಟೆ ನೆಲಕ್ಕೆ ತಾಗುವಷ್ಟು ಜೋತುಬಿದ್ದಿತ್ತು. ಓಡುವಾಗ ಏದುಸಿರು ಬಿಡುತ್ತಿತ್ತು, ಕೊನೆಗೆ ಹೇಗೋ ಎದ್ದು ಹಾರುತ್ತಿತ್ತು. ಬಾಲದ ಕೆಳಗಿನ ದೊಡ್ಡ ಬಾಗಿಲನ್ನು ಇಳಿಬಿಟ್ಟರೆ ಲಾರಿಯೇ ಒಳಗೆ ಹತ್ತಬಹುದು. ಫಿರಂಗಿ, ಹಿಟ್ಟಿನ ಮೂಟೆ, ಎಣ್ಣೆಯ ಪೀಪಾಯಿ ಹೊರಲೆಂದೇ ಅದನ್ನು ಮಾಡಿದ್ದು. ಜನರನ್ನು ಹೊರಬೇಕಾದೀತು ಎಂದು ಯಾರೂ ಅಂದುಕೊಂಡಿರಲಿಲ್ಲ.

ವಿನ್ಯಾಸದ ಕಚೇರಿಯಲ್ಲಿ ಅದರ ತೂಕದ ಲೆಕ್ಕ ನೋಡುತ್ತಿದ್ದವಳಿಗೆ ‘ತಕ್ಕಡಿ’ ಎಂಬ ಹೆಸರು ಅಂಟಿಕೊಂಡಿತ್ತು. ಯಾವ ಭಾರ ಎಲ್ಲಿ ಕೂತರೆ ಮೂಗು ಎಷ್ಟು ಏಳುತ್ತದೆ, ಬಾಲ ಎಷ್ಟು ಕುಸಿಯುತ್ತದೆ ಎಂದು ಹೇಳುವುದು ಅವಳ ಕೆಲಸ. ಲೆಕ್ಕದ ಯಂತ್ರದ ಹಿಡಿಕೆ ತಿರುಗಿಸಿ ತಿರುಗಿಸಿ ಅವಳ ಬಲಗೈ ಮಣಿಕಟ್ಟು ಸದಾ ಊದಿಕೊಂಡಿರುತ್ತಿತ್ತು.

ಆ ಕಚೇರಿಯಲ್ಲಿ ಒಂದು ರೂಢಿಯಿತ್ತು. ಯಾವ ಲೆಕ್ಕವೂ ಮೇಜಿನಿಂದ ಮೇಜಿಗೆ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಹತ್ತು ಬಂದರೆ ಹನ್ನೊಂದು ಬರೆಯುವುದು, ತಡೆದೀತು ಎನಿಸಿದ್ದಕ್ಕೆ ಇನ್ನೊಂದು ಮೊಳೆ ಹೊಡೆಸುವುದು. ಇದಕ್ಕೆ ಅವರು ‘ಕೊಸರು’ ಎನ್ನುತ್ತಿದ್ದರು. ಎಷ್ಟು ಹಾಕಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ಕೇಳುವುದೆಂದರೆ ಪಕ್ಕದವನ ಕೆಲಸದ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ.

ಯುದ್ಧದ ಎರಡನೆಯ ವರ್ಷ ಶತ್ರುಗಳು ಒಂದು ಊರಿಗೆ ಸುತ್ತಲೂ ಮುತ್ತಿಗೆ ಹಾಕಿದರು. ಬಸುರಿಗಳು ಹಿಟ್ಟು ತುಂಬಿಕೊಂಡು ಹೋಗಿ, ಬರುವಾಗ ಗಾಯಾಳುಗಳನ್ನೂ ಹೆಂಗಸರು ಮಕ್ಕಳನ್ನೂ ತರತೊಡಗಿದವು. ಅವುಗಳಲ್ಲೊಂದರಲ್ಲಿ ತಕ್ಕಡಿಯ ತಮ್ಮನಿದ್ದ. ಭಾರ ಹತ್ತಿಸಿ ಇಳಿಸುವ ಕೆಲಸ ಅವನದು.

ಮೂಟೆಯನ್ನು ಕಟ್ಟಿದರೆ ಕಟ್ಟಿದಲ್ಲೇ ಬಿದ್ದಿರುತ್ತದೆ. ಜನ ಹಾಗಲ್ಲ. ಎಂಟನೆಯ ದಿನ, ಗುಂಡು ಬೀಳುತ್ತಿರುವಾಗ, ಬಾಲದ ಬಾಗಿಲಿಂದ ನುಗ್ಗಿದವರು ನುಗ್ಗಿದಲ್ಲೇ ಒತ್ತೊತ್ತಾಗಿ ನಿಂತರು. ವಿಮಾನ ನೆಲ ಬಿಟ್ಟಿದ್ದೇ ತಡ, ಮೂಗೆತ್ತಿ ಒಂದು ಕ್ಷಣ ನೇತುಬಿದ್ದ ಹಾಗೆ ನಿಂತಿತು. ಆಮೇಲೆ ಬಾಲದ ಮೇಲೆ ಕುಸಿದು ಕೂತಿತು. ಹಿಂದಿನ ವಿಮಾನದಲ್ಲಿ ಸರದಿ ಕಾಯುತ್ತಿದ್ದ ತಮ್ಮ ಅದನ್ನು ಕಣ್ಣಾರೆ ಕಂಡ.

ವಿಮಾನದೊಳಗಿನ ನೆಲದ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆಯಿರಿ, ಅದರಾಚೆ, ಬಾಲದ ಕಡೆ, ಯಾರೂ ನಿಲ್ಲಕೂಡದು ಎಂದು ಅಪ್ಪಣೆಯಾಯಿತು. ಗೆರೆ ಎಲ್ಲಿ ಬೀಳಬೇಕೆಂದು ತಕ್ಕಡಿ ಲೆಕ್ಕ ಹಾಕಿದಳು. ಮೂರು ಸಲ ಹಾಕಿದಾಗಲೂ ಅದೇ ಜಾಗ ಬಂತು. ತಮ್ಮ ನಿಲ್ಲುವ ನೆಲ ಅದು. ಪೆನ್ಸಿಲಿನ ಗುರುತನ್ನು ಅಳಿಸಿ, ಒಂದು ಗೇಣು ಮುಂದಕ್ಕೆ ಸರಿಸಿ, ನಕ್ಷೆಯನ್ನು ಮುಂದಿನ ಮೇಜಿಗೆ ಕಳಿಸಿದಳು.

ಮೂರು ವಾರದ ಮೇಲೆ, ಬಣ್ಣ ಬಳಿದ ನೆಲದ ಅಳತೆಯ ಹಾಳೆ ಕಡತಕ್ಕೆಂದು ಅವಳ ಕೈಗೆ ಬಂತು. ಸುಮ್ಮನೆ ಕಣ್ಣಾಡಿಸಿದವಳು ಪಟ್ಟಿ ಇಟ್ಟು ಅಳೆದಳು. ಗೆರೆ ಅವಳ ಗುರುತಿನಲ್ಲಿರಲಿಲ್ಲ. ಇನ್ನೂ ಎಷ್ಟೋ ಮುಂದಿತ್ತು.

ರೆಕ್ಕೆಯ ಮೇಜಿನ ಅಜ್ಜನ ಹತ್ತಿರ ಹೋದಳು. “ಈ ಗೆರೆಗೆ ನೀವೇನಾದ್ರೂ ಕೊಸರು ಹಾಕಿದ್ರಾ?”

ಅಜ್ಜ ಕನ್ನಡಕ ಹಣೆಗೇರಿಸಿದರು. “ಹಾಕದೆ ಇರ್ತೀನಾ? ಹುಟ್ಟುಗುಣ. ನೀನು ಹಾಕಿರಲ್ಲ ಅಂದ್ಕೊಂಡೆ ಮಗಳೇ. ಚಿಕ್ಕವಳು ನೋಡು, ನೇರ ಬುದ್ಧಿ.”

ನೆಲದ ಕಟ್ಟು ನೋಡುವವನು ದನಿ ತಗ್ಗಿಸಿದ. “ನಂದು ಒಂದು ಗೇಣು ಅಷ್ಟೇ. ಆ ಅಜ್ಜನ ಲೆಕ್ಕ ನಂಬ್ಕೊಂಡ್ರೆ ಮುಗೀತು ನಮ್ಮ ಕತೆ. ಮೊನ್ನೆ ಹಣೆ ಮೇಲಿದ್ದ ಕನ್ನಡಕಾನ ಮೇಜಿನ ಕೆಳಗೆ ಹುಡುಕ್ತಿದ್ದ.”

ಬಣ್ಣದವನಂತೂ ನಕ್ಕುಬಿಟ್ಟ. “ಗೆರೇನ ಗುರುತಿನ ಈಚೆ ಎಳೆದೆ ಅಕ್ಕಾವ್ರೇ, ಆಚೆ ಎಳೀಲಿಲ್ಲ. ಯಾಕೆ ಸುಮ್ನೆ ರಿಸ್ಕು?” ಅವನ ಕುಂಚ ಮೂರು ಬೆರಳಗಲವಿತ್ತು.

ಅವಳು ಎಲ್ಲವನ್ನೂ ಕೂಡಿಸಿದಳು. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ವಿಮಾನದ ಅಡ್ಡಗಲಕ್ಕೆ ಒಂದು ಸಾಲು. ಒಂದು ಸಾಲೆಂದರೆ ಐದು ಜನ. ಪ್ರತಿ ಸಲವೂ ಇನ್ನೂ ಐದು ಜನ ಹತ್ತಬಹುದಿತ್ತು. ಅಂಗಡಿಯವನ ಕೊಸರು ಗಿರಾಕಿಯ ಚೀಲ ಸೇರುತ್ತದೆ. ಇವರದು ಆ ಊರಿನ ಮೈದಾನದಲ್ಲೇ ನಿಂತುಬಿಟ್ಟಿತ್ತು.

ಹಾಳೆ ಹಿಡಿದು ಮುಖ್ಯ ವಿನ್ಯಾಸಕರ ಕೋಣೆಗೆ ಹೋದಳು. ಎಲ್ಲರೂ ‘ದೊಡ್ಡವರು’ ಎನ್ನುತ್ತಿದ್ದ ಅವರು ಅವಳ ಲೆಕ್ಕವನ್ನು ಕಡೆಯ ಸಾಲಿನವರೆಗೆ ಓದಿದರು.

“ಎಲ್ಲಾ ಕೊಸರು ಕಿತ್ತು ಹಾಕಿದ್ರೆ ಉಳಿಯೋದೇನು?” ಎಂದರು.

“ಲೆಕ್ಕ ಸಾರ್.”

“ಹ್ಞಾ. ಬೆತ್ತಲೆ ಲೆಕ್ಕ. ಈ ಕಚೇರಿಯಿಂದ ಅಂಥದ್ದೊಂದು ಹೊರಗೆ ಹೋದದ್ದು ನಾನು ನೋಡಿಲ್ಲಮ್ಮಾ.” ಹಾಳೆಯ ಕೆಳಗೆ ‘ಗೆರೆಯನ್ನು ಒಂದು ಸಾಲು ಹಿಂದಕ್ಕೆ ಸರಿಸಬಹುದು’ ಎಂದು ಬರೆದು ಅವಳ ಕಡೆ ತಳ್ಳಿದರು. “ಸಹಿ ಹಾಕು. ಇವತ್ತೇ ತಂತಿ ಕಳಿಸ್ತೀನಿ. ಆದ್ರೆ ನಿನ್ನ ಸಹಿ ಒಂದೇ ಇರುತ್ತೆ. ನಂದಿರಲ್ಲ. ನಾನು ಮುದುಕ, ನಂಗೆ ಧೈರ್ಯ ಸಾಲದು.”

ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. “ಮನೆಗೆ ತಗೊಂಡ್ಹೋಗಿ ಇನ್ನೊಂದ್ಸಲ ನೋಡ್ಲಾ ಸಾರ್?”

“ನೋಡು. ಬೆಳಗ್ಗೆ ಹೇಳು.”

ಮನೆ ಬಾಗಿಲಲ್ಲಿ ದೊಡ್ಡ ಬೂಟುಗಳು ಕಂಡವು. ತಮ್ಮ ಒಂದು ದಿನದ ರಜೆಯ ಮೇಲೆ ಬಂದಿದ್ದ. ಕೆನ್ನೆ ಒಳಗೆ ಹೋಗಿತ್ತು. ಅಮ್ಮ ಅವನ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ತಿಕ್ಕುತ್ತಾ, “ಆಕಾಶದಲ್ಲಿ ತಿರುಗೋನಿಗೆ ಇಷ್ಟು ಮಣ್ಣು ಎಲ್ಲಿಂದ ಮೆತ್ಕೊಳ್ಳುತ್ತೋ” ಎಂದು ಬಯ್ಯುತ್ತಿದ್ದಳು. ಅವನು ನಗಲಿಲ್ಲ.

ಅಮ್ಮ ಅಂಗಿ ಹಿಂಡಿಕೊಂಡು ಮಹಡಿಗೆ ಹೋದ ಮೇಲೆ ಕೇಳಿದ. “ಅಕ್ಕಾ, ಆ ಗೆರೆ ಹಾಕಿದ್ದು ನೀನೇನಾ?”

“ಹ್ಞೂ.”

“ಸರಿಯಾಗಿದೆಯಾ?”

ಚೀಲ ಅವಳ ಮಡಿಲಲ್ಲೇ ಇತ್ತು, ಹಾಳೆ ಅದರೊಳಗೆ.

“ಯಾಕೋ ಹಾಗೆ ಕೇಳ್ತೀಯ?”

“ಗೆರೆ ಮೇಲೆ ನಿಲ್ಲೋನು ನಾನು. ಹತ್ತಿದವರನ್ನ ಇಳಿಸೋನು ನಾನು. ಬಾಯಲ್ಲಿ ಹೇಳಿದ್ರೆ ಇಳಿಯಲ್ಲ ಅಕ್ಕಾ. ಬೆರಳು ಬಿಡಿಸ್ಬೇಕು, ಒಂದೊಂದಾಗಿ.” ತನ್ನ ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡ. “ಇನ್ನು ನಾಕೈದು ಜನ ಹಿಡಿಸ್ತಾರೇನೋ ಅಂತ ಪ್ರತಿ ಸಲ ಅನ್ಸುತ್ತೆ. ಹಿಡಿಸ್ತಾರಾ? ನೀನು ಹ್ಞೂ ಅಂದ್ರೆ ನಾಳೆಯಿಂದ್ಲೇ ಹತ್ತಿಸ್ಕೋತೀನಿ. ಯಾರ ಅಪ್ಪಣೆಗೂ ಕಾಯಲ್ಲ.”

ಅವಳಿಗೆ ಗೊತ್ತಿತ್ತು, ಅವನು ಹತ್ತಿಸಿಯೇ ಹತ್ತಿಸುತ್ತಾನೆ. ಲೆಕ್ಕ ಸರಿಯಿತ್ತು, ಸರಿಯಿರಬೇಕು. ಆದರೆ ಗಾಯಾಳುವಿನ ಒದ್ದೆ ಕಂಬಳಿಯ ತೂಕ ಎಷ್ಟು, ಹೆದರಿದವರು ಎಷ್ಟು ಹಿಂದಕ್ಕೆ ಸರಿಯುತ್ತಾರೆ, ಇದೆಲ್ಲ ಯಾವ ಕೋಷ್ಟಕದಲ್ಲಿತ್ತು? ಬಾಲದ ಮೇಲೆ ಕುಸಿದು ಕೂತ ವಿಮಾನವೊಂದು ಅವಳ ಕಣ್ಣಮುಂದೆ ಬಂತು. ಅದರ ಬಾಗಿಲಲ್ಲಿ ತಮ್ಮ ನಿಂತಿದ್ದ.

“ಇಲ್ಲ ಕಣೋ,” ಎಂದಳು. “ಒಂದು ಬೆರಳೂ ಆಚೀಚೆ ಇಲ್ಲ. ಒಬ್ಬ ಜಾಸ್ತಿಯಾದ್ರೂ ಬೀಳುತ್ತೆ.”

ಅವನು ಅವಳನ್ನೇ ನೋಡಿದ. ಆಮೇಲೆ ಅವನ ಭುಜಗಳು ಸಡಿಲಾದವು. “ಸದ್ಯ,” ಎಂದ. “ಹಾಗಾದ್ರೆ ಸರಿ.” ಕೂತಲ್ಲೇ ಗೋಡೆಗೊರಗಿದವನು ಅಮ್ಮ ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ.

ಬೆಳಗ್ಗೆ ಹಾಳೆಯನ್ನು ಸಹಿಯಿಲ್ಲದೆ ವಾಪಸು ಕೊಟ್ಟಳು. ದೊಡ್ಡವರು ಅದನ್ನು ಡ್ರಾಯರಿಗೆ ಹಾಕಿದರು.

ಅದಾಗಿ ಒಂಬತ್ತು ದಿನಕ್ಕೆ ಆ ಊರು ಬಿತ್ತು. ಅಷ್ಟರಲ್ಲಿ ಎರಡು ಬಸುರಿಗಳನ್ನು ಶತ್ರುಗಳು ಹೊಡೆದುರುಳಿಸಿದ್ದರು. ಭಾರಕ್ಕೆ ಮಾತ್ರ ಒಂದೂ ಬೀಳಲಿಲ್ಲ. ತಮ್ಮ ಆ ಒಂಬತ್ತು ದಿನದಲ್ಲಿ ಹದಿನಾಲ್ಕು ಸಲ ಹೋಗಿ ಬಂದಿದ್ದ. ಅವಳು ಬೇಡವೆಂದರೂ ತಲೆ ತಾನಾಗಿ ಗುಣಿಸಿತು: ಎಪ್ಪತ್ತು. ಅದೂ ಅವನೊಬ್ಬನ ವಿಮಾನದ್ದು.

ಮನೆಗೆ ಬಂದ ಮೇಲೆ ತಮ್ಮ ನಿಧಾನವಾಗಿ ಚೇತರಿಸಿಕೊಂಡ. ಊಟ ಸೇರತೊಡಗಿತು. ನೋಡಲು ಬಂದವರೆದುರು ಅವಳ ಗುಣಗಾನ ಮಾಡಿದ್ದೇ ಮಾಡಿದ್ದು. “ನಾನು ಬದುಕಿರೋದೇ ಇವಳ ಲೆಕ್ಕದಿಂದ. ಒಂದು ಬೆರಳು ಆಚೀಚೆ ಇಲ್ಲ, ಗೊತ್ತಾ?” ಬಂದವರು ಅವಳ ಕಡೆ ತಿರುಗಿ ಮೆಚ್ಚಿಗೆಯಿಂದ ತಲೆಯಾಡಿಸುತ್ತಿದ್ದರು. ಅವಳು ಏನೋ ನೆಪ ತೆಗೆದು ಒಳಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಹವಾಮಾನದ ವಿಷಯ ಹೇಳುವಷ್ಟೇ ಸಲೀಸಾಗಿ ಅವನು ಶುರುಮಾಡಿದ.

“ಕೊನೇ ದಿನ ಒಬ್ಬ ಟೀಚರಮ್ಮ ಇದ್ರು ಅಕ್ಕಾ. ನಾಲ್ಕು ಮಕ್ಕಳನ್ನ ಕೈ ಹಿಡ್ಕೊಂಡು ಹತ್ತಿಬಿಟ್ಟಿದ್ರು. ಐದೂ ಜನ ಗೆರೆಯಿಂದಾಚೆ. ಇಳೀರಿ ಅಂದೆ. ಕೂಗಾಡ್ಲಿಲ್ಲ, ಅಳ್ಲಿಲ್ಲ. ‘ಈ ಗೆರೆ ಯಾರು ಎಳೆದದ್ದು, ಅವರಿಗೆ ಲೆಕ್ಕ ಬರುತ್ತಾ’ ಅಂತ ಕೇಳಿದ್ರು. ಲೆಕ್ಕದ ಟೀಚರಂತೆ.”

“ನೀನೇನಂದೆ?” ಎಂದು ಕೇಳಿದ್ದು ಅಮ್ಮ.

“ಇನ್ನೇನಂತೀನಿ? ನಮ್ಮಕ್ಕ ಎಳೆದದ್ದು, ತಪ್ಪಾಗಲ್ಲ ಅಂದೆ. ಹಾಗಾದ್ರೆ ಸರಿ ಅಂದ್ರು. ಮಕ್ಕಳನ್ನ ಕರ್ಕೊಂಡು ತಾವಾಗೇ ಇಳಿದ್ರು. ಅವರೊಬ್ಬರದೇ ನಾನು ಬೆರಳು ಬಿಡಿಸ್ಲಿಲ್ಲ.”

ಅವನು ತಟ್ಟೆಯನ್ನು ಅಕ್ಕನ ಮುಂದೆ ಚಾಚಿದ. ಬಡಿಸುವ ಸೌಟು ಅವಳ ಕೈಯಲ್ಲೇ ಇತ್ತು.

“ಹಾಕಕ್ಕಾ,” ಎಂದ. “ಹಸಿವಾಗ್ತಿದೆ.”

ಅವಳು ಹಾಕಿದಳು. ಸಾಕು ಎಂದು ಅವನು ಕೈ ಅಡ್ಡ ಹಿಡಿದ ಮೇಲೂ ಹಾಕುತ್ತಲೇ ಇದ್ದಳು.