ಕೊನೆಯವರ ಜಾಕೆಟ್ಟು

ಒಂಬತ್ತು ದಿನದ ಸೈಕಲ್ ಯಾತ್ರೆಯ ಐದನೆಯ ದಿನ ಇಂಥ ಎದುರುಗಾಳಿ ಬೀಸುತ್ತದೆ ಎಂದು ಟೈಲರನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಬರುತ್ತಿದ್ದ, ಏಕೆಂದರೆ ಕರೆದವರು ಬೀಗರು. ಮಗಳನ್ನು ಕೊಟ್ಟ ಮನೆಯ ಯಜಮಾನರು ಬನ್ನಿ ಎಂದಾಗ ಮೊಣಕಾಲು ನೋವು ಎನ್ನಲು ಎಂಟೆದೆ ಬೇಕು. ಟೈಲರನಿಗಿದ್ದದ್ದು ಒಂದೇ ಎದೆ, ಅದೂ ಏರು ಕಂಡರೆ ಢವಗುಟ್ಟುತ್ತಿತ್ತು.

ಬೀಗರು ನಿವೃತ್ತ ಹೆಡ್‌ಮಾಸ್ಟರು. ಹನ್ನೆರಡು ಜನರ ಈ ತಂಡದ ನಾಯಕರು. ಶಾಲೆ ಬಿಟ್ಟು ಆರು ವರ್ಷವಾಗಿದ್ದರೂ ನಿಯಮ ಮಾಡುವ ಚಟ ಬಿಟ್ಟಿರಲಿಲ್ಲ. ಸಂಜೆ ತಂಗುವ ಜಾಗದ ಗೇಟನ್ನು ಎಲ್ಲರಿಗಿಂತ ಹಿಂದೆ ದಾಟಿದವರಿಗೆ ಕಿತ್ತಳೆ ಬಣ್ಣದ, ತೋಳಿಲ್ಲದ ಒಂದು ಜಾಕೆಟ್ಟು. ಅದನ್ನು ಹಾಕಿಕೊಂಡು ಅಲ್ಲೇ ಫೋಟೊ, ಮರುದಿನ ಪೂರ್ತಿ ಅದರಲ್ಲೇ ಸವಾರಿ. ಫೋಟೊ ಎಲ್ಲರ ಮನೆಗೂ ಹೋಗುತ್ತಿತ್ತು. ನಾಲ್ಕು ದಿನದಿಂದ ಜಾಕೆಟ್ಟು ಟೈಲರನ ಮೈ ಬಿಟ್ಟು ಬೇರೆ ಮೈ ಕಂಡಿರಲಿಲ್ಲ. ಯಾವನೋ ಪೈಲ್ವಾನನಿಗೆ ಹೊಲಿದಂತಿದ್ದ ಅದರೊಳಗೆ ಗಾಳಿ ತುಂಬುತ್ತಿತ್ತೆಂದು ಎರಡನೆಯ ದಿನ ಊಟವಾದ ಮೇಲೆ ಸೂಜಿ ದಾರ ಹಿಡಿದು ಎರಡೂ ಪಕ್ಕ ಬಿಗಿ ಮಾಡಿಕೊಂಡಿದ್ದ. ದೊಗಳೆ ಬಟ್ಟೆ ನೋಡಿ ಸುಮ್ಮನಿರುವುದು ಅವನ ಜಾಯಮಾನದಲ್ಲಿರಲಿಲ್ಲ.

"ಇವತ್ತೂ ನೀನೇನಾ ಅಪ್ಪಾ?" ಎಂದು ಮಗಳು ನಿನ್ನೆ ಫೋನಿನಲ್ಲಿ ಕೇಳಿದ್ದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಇವತ್ತು ತಂಗುವುದು ಮಗಳು ಅಳಿಯ ಇರುವ ಊರಿನಲ್ಲಿ. ಇಬ್ಬರೂ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ಉಳಿದ ದಿನ ಹಾಳಾಗಿ ಹೋಗಲಿ, ಇದೊಂದು ದಿನ ಕೊನೆಯವನಾಗಬಾರದು ಎಂದು ಟೈಲರ್ ಬೆಳಿಗ್ಗೆಯೇ ಹಲ್ಲು ಕಚ್ಚಿದ್ದ. ಮಧ್ಯಾಹ್ನದ ಹೊತ್ತಿಗೆ ಹಲ್ಲು ಮಾತ್ರ ಹಾಗೇ ಇತ್ತು. ಇಳಿಜಾರಿನಲ್ಲೂ ತುಳಿಯಬೇಕಾದಂಥ ಗಾಳಿ. ಮುಂದಿನವರು ಕಣ್ಣಿಗೆ ಕಾಣದಾಗಿ ಎರಡು ಗಂಟೆಯಾಗಿತ್ತು.

ದೊಡ್ಡ ಏರಿನ ನಡುವೆ, ಮೋರಿಯ ಕಟ್ಟೆಯ ಮೇಲೆ ಬೀಗರು ಕೂತಿದ್ದರು. ಒಂದು ಕಾಲು ಕೋಲಿನಂತೆ ನೆಟ್ಟಗಿತ್ತು.

"ಏನೂ ಆಗಿಲ್ಲ," ಎಂದರು, ಟೈಲರ್ ಕೇಳುವ ಮೊದಲೇ. "ಗಾಳಿ ನೋಡ್ತಾ ಕೂತಿದೀನಿ."

"ನೋಡಿ," ಎಂದ ಟೈಲರ್.

"ನೀವು ನಡೀರಿ. ನಾನು ಬರ್ತೀನಿ."

ಟೈಲರ್ ಹೋದ. ಇದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಇನ್ನೂರು ಮೀಟರ್ ಹೋದ, ಅಷ್ಟು ದೂರವೂ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ, "ಮಾವನ್ನ ಎಲ್ಲಿ ಬಿಟ್ಟು ಬಂದೆ?" ಎಂದು ಮಗಳು ಕೇಳುವುದು ಕಿವಿಯಲ್ಲೇ ಕೇಳಿಸಿತು. ನಾಳೆಯೂ ಅವಳು ಆ ಮನೆಯವರ ಮುಖ ನೋಡಿಕೊಂಡೇ ಬಾಳಬೇಕು. ಬೈದುಕೊಳ್ಳುತ್ತ ಸೈಕಲ್ ತಿರುಗಿಸಿದ. ಇಡೀ ದಿನದಲ್ಲಿ ಗಾಳಿ ಅವನ ಬೆನ್ನಿಗೆ ಬೀಸಿದ್ದು ಆ ಇನ್ನೂರು ಮೀಟರ್ ಮಾತ್ರ.

ಬೀಗರ ಮೀನಖಂಡ ಕಲ್ಲಾಗಿತ್ತು. ಟೈಲರ್ ನೆಲದ ಮೇಲೆ ಕೂತು ತಿಕ್ಕಿದ. ಮದುವೆ ಮಾತುಕತೆಯಲ್ಲಿ ಅವರ ಕಾಲು ಹಿಡಿಯುವ ಪ್ರಸಂಗ ಬಂದಿರಲಿಲ್ಲ, ಅದೂ ಈಗ ಆಗಿಹೋಯಿತು. ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಹೊರಟರು. ಗಾಳಿಗೆ ಅಡ್ಡವಾಗಿ ಟೈಲರ್ ಮುಂದೆ, ಅವನ ಮರೆಯಲ್ಲಿ ಹೆಡ್‌ಮಾಸ್ಟರು ಹಿಂದೆ.

ಸಂಜೆ ಗೇಟು ಕಂಡಾಗ ಎಲ್ಲರೂ ಹೊರಗೆ ನಿಂತಿದ್ದರು, ಮಗಳು ಅಳಿಯ ಕೂಡ ಇದ್ದರು. ಬೀಗರು ಬ್ರೇಕ್ ಹಾಕಿದರು.

"ನೀವು ಮೊದಲು."

"ಛೇ ಛೇ, ನೀವು ಹೋಗಿ ಬೀಗರೇ."

"ದಾರಿಯಲ್ಲಿ ಕೂತವನು ನಾನು. ನಿಯಮ ಮಾಡಿದವನೂ ನಾನೇ. ನಡೀರಿ."

ಟೈಲರ್ ಗೇಟು ದಾಟಿದ. ಎದೆ ಹಗುರಾಯಿತು. ಹಿಂದೆಯೇ ಬಂದ ಬೀಗರು ಸೈಕಲ್ ನಿಲ್ಲಿಸಿ ಜಾಕೆಟ್ಟಿಗೆ ಕೈ ಚಾಚಿದರು. ಇಸಿದುಕೊಂಡು ಹಾಕಿಕೊಳ್ಳಲು ನೋಡಿದರು. ಒಂದು ತೋಳು ಹೋಯಿತು. ಇನ್ನೊಂದು ಅರ್ಧ ಹೋಯಿತು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡು ಮೊಣಕೈಯೂ ಬೆನ್ನ ಹಿಂದೆ ಸಿಕ್ಕಿಕೊಂಡವು. ಎಲ್ಲರೂ ಶಿಸ್ತಿನಿಂದ ಆಕಾಶ ನೋಡಿದರು.

ಮಗಳು ಹತ್ತಿರ ಬಂದು ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಪ್ಪನ ಕೈಹೊಲಿಗೆ ಅವಳಿಗೆ ಕತ್ತಲಲ್ಲೂ ಗೊತ್ತಾಗುತ್ತಿತ್ತು. "ಇದನ್ನ ನೀನು ಬಿಗಿ ಮಾಡಿದೀಯಾ?"

"ದೊಗಳೆ ಇತ್ತು," ಎಂದ ಟೈಲರ್.

"ಎಷ್ಟು ದಿನಕ್ಕೆ ಅಂತ ಹೊಲಿದಿದ್ರಿ?" ಎಂದು ಬೀಗರು ಕೇಳಿದರು, ಕೈ ಹಿಂದೆ ಇದ್ದುದರಿಂದ ಥೇಟ್ ಹೆಡ್‌ಮಾಸ್ಟರಂತೆಯೇ.

ಸುಳ್ಳು ಹೇಳಬಹುದಿತ್ತು. ಎರಡನೆಯ ದಿನವೇ ತನ್ನ ಮೇಲಿನ ಆಸೆ ತಾನೇ ಬಿಟ್ಟು, ಸೋಲನ್ನು ಅಳತೆ ಹಿಡಿದು ಹೊಲಿದುಕೊಂಡಿದ್ದೇನೆ ಎಂಬುದು ಟೈಲರನಿಗೆ ಹೊಳೆದದ್ದೇ ಆಗ. ತುಂಬ ನಾಚಿಕೆಯಾಯಿತು.

"ಒಂಬತ್ತೂ ದಿನಕ್ಕೆ," ಎಂದ.

ಯಾರೂ ನಗಲಿಲ್ಲ. ಬೀಗರು ಕತ್ತು ತಿರುಗಿಸಿ ಪಕ್ಕದ ಹೊಲಿಗೆ ನೋಡಿದರು.

"ಬಟ್ಟೆ ಕತ್ತರಿಸಿಬಿಟ್ರಾ?"

"ಇಲ್ಲ. ಒಳಗೆ ಮಡಿಚಿ ಬಿಟ್ಟಿದೀನಿ."

"ಹಾಗಾದ್ರೆ ಬಿಚ್ಚಿ. ಇನ್ನೂ ನಾಲ್ಕು ದಿನ ಇದೆ."

ಆ ಸಂಜೆಯ ಫೋಟೊದಲ್ಲಿ ಬೀಗರು ಕೈ ಹಿಂದೆ ಕಟ್ಟಿದವರಂತೆ ನೆಟ್ಟಗೆ ನಿಂತಿದ್ದಾರೆ. ಒಂದು ಪಕ್ಕದ ಹೊಲಿಗೆಯನ್ನು ಟೈಲರ್ ಬಿಚ್ಚುತ್ತಿದ್ದಾನೆ, ಇನ್ನೊಂದನ್ನು ಮಗಳು. ಅವಳು ನಗುತ್ತಿದ್ದಾಳೆ.