ಜ್ವರ ಇಳಿದ ಮಧ್ಯಾಹ್ನ

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಕೈ ನೋಡಿದ್ದೀರಲ್ಲ? ಕತ್ತರಿ ತಾಗದ ಬೆರಳು ಒಂದೂ ಸಿಗುವುದಿಲ್ಲ. ತಾಗಿದರೆ ಔಷಧ ಎದುರಿನ ಮೊರದಲ್ಲೇ ಇರುತ್ತದೆ. ಚಿಟಿಕೆ ತಂಬಾಕಿನ ಪುಡಿ ಒತ್ತಿ, ಮೇಲೊಂದು ಚಿಂದಿ ಸುತ್ತಿ, ಮತ್ತೆ ಎಲೆ ಹಿಡಿದು ಕೂರುವುದು. ರಕ್ತವೇನೋ ನಿಲ್ಲುತ್ತದೆ. ಗಾಯದೊಳಗೆ ಏನು ಸೇರಿತೋ ಯಾರು ನೋಡಿದ್ದಾರೆ? ಬೆರಳಿಗೆ ಕತ್ತರಿ ತಾಗಿದಾಗ ಹಾಜಿರಾಬಿಯೂ ಹಾಗೇ ಮಾಡಿದಳು.

ಐದನೆಯ ದಿನ ಬೆರಳು ಬದನೆಕಾಯಿಯಷ್ಟು ಊದಿ ಚಳಿಜ್ವರ ಬಂತು. ಅವಳ ಗಂಡ ಕಾಸಿಮಸಾಬ ಗಾದಿ ಹೊಲಿಯುವವ. ಮಾತಿನಲ್ಲಿ ಬಲು ಗಟ್ಟಿಗ, ದವಾಖಾನೆ ಎಂದರೆ ಮಾತ್ರ ಓಣಿ ಬದಲಿಸುವವ. ಅಂಗಡಿಯಿಂದ ಜ್ವರದ ಗುಳಿಗೆ ತಂದು ನುಂಗಿಸಿದ. ಮರುದಿನ ಮಧ್ಯಾಹ್ನ ಹೆಂಡತಿಯ ಹಣೆ ಮುಟ್ಟಿದರೆ ತಣ್ಣಗಿತ್ತು. ಅಲ್ಲಾಹನಿಗೆ ಶುಕ್ರಿಯಾ ಹೇಳಿ ಗಂಜಿ ಕಾಯಿಸಲು ಎದ್ದ. ಪಾಪ, ಅಷ್ಟು ದೊಡ್ಡ ತಪ್ಪನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಅದೇ ಹೊತ್ತಿಗೆ ಓಣಿಯ ಆಶಾ ಕಾರ್ಯಕರ್ತೆ ಶೈಲಾ, ಆ ಮನೆಯ ಸೊಸೆ ತಸ್ಲೀಮಳ ಕೂಸಿನ ಲಸಿಕೆ ಕಾರ್ಡು ನೋಡಲು ಬಂದಳು.

"ಬಾರವ್ವಾ ಶೈಲಾ. ನಿಮ್ಮ ಚಾಚಿಗೆ ಆರಾಮ ಆಗೇತಿ. ಜ್ವರ ಇಳದೈತಿ ನೋಡು" ಎಂದ ಕಾಸಿಮಸಾಬ.

ಶೈಲಾ ಹಾಸಿಗೆಯ ಪಕ್ಕ ಕೂತು ಮಾತಾಡಿಸಿದಳು. ಹಾಜಿರಾಬಿ ಕಣ್ಣು ತೆರೆದು, "ನೀ ಯಾರವ್ವಾ?" ಎಂದಳು. ಹದಿನೈದು ವರ್ಷ ಒಂದೇ ನಳದ ನೀರು ಕುಡಿದವರು ಇವರು.

"ಚಾಚಾ, ಚಾಚಿ ಯಾವಾಗಿಂದ ಹಿಂಗ ಮಾತಾಡಾಕತ್ತಾರ?"

"ಮುಂಜಾನಿಂದ. ಜ್ವರದಾಗ ಬಡಬಡಸೂದು ಇದ್ದದ್ದ ಬಿಡು."

"ಜ್ವರ ಇಳದೈತಿ ಅಂದ್ರಿ. ಇಳದ ಮ್ಯಾಲೂ ಯಾಕ ಬಡಬಡಸಾಕತ್ತಾರ?"

ಶೈಲಾ ಮೊಬೈಲಿನ ಗಡಿಯಾರ ನೋಡುತ್ತ ಹಾಜಿರಾಬಿಯ ಉಸಿರು ಎಣಿಸಿದಳು. ನಿಮಿಷಕ್ಕೆ ಮೂವತ್ತು; ಇಪ್ಪತ್ತರೊಳಗೆ ಇರಬೇಕಾಗಿತ್ತು. ಅತ್ತೆ ಒಂದಕ್ಕೆ ಹೋಗಿದ್ದು ಯಾವಾಗ ಎಂದು ತಸ್ಲೀಮಳನ್ನು ಕೇಳಿದಳು.

"ನಿನ್ನೆ ಸಂಜಿಗೆ. ಇವತ್ತ ಹೋಗಿಲ್ರಿ" ಎಂದಳು ತಸ್ಲೀಮ.

"ಚಾಚಾ, ಇದು ಆರಾಮ ಆಗಿದ್ದಲ್ಲ. ಬೆರಳಿನ ನಂಜು ಮೈಯೆಲ್ಲಾ ಏರಿದಂಗ ಕಾಣತೈತಿ. ಡಾಕ್ಟರ್ ಇದಕ್ಕ ಸೆಪ್ಸಿಸ್ ಅಂತಾರ. ನಂಜಿನ ಕೂಡ ಬಡದಾಡಾಕ ಹೋಗಿ ಮೈ ತನ್ನ ಕಿಡ್ನಿ, ಫುಪ್ಪುಸ ತಾನ ಹಾಳ ಮಾಡ್ಕೋತೈತಿ. ಕೆಲವರಿಗೆ ಜ್ವರ ಏರತೈತಿ, ಕೆಲವರ ಮೈ ಹಿಂಗ ತಣ್ಣಗಾಗತೈತಿ."

"ನಾಳೆ ಮುಂಜಾನೆ ಹೋದ್ರ ನಡಿಯೂದಿಲ್ಲೇನ?"

"ಒಂದ ತಾಸೂ ತಡಾ ಮಾಡೂದು ಬ್ಯಾಡ್ರಿ." ಹೇಳುತ್ತಲೇ ಶೈಲಾ 108ಕ್ಕೆ ಫೋನ್ ಹಚ್ಚಿದ್ದಳು.

ಆಂಬುಲೆನ್ಸ್ ಕರೆದೊಯ್ದ ದೊಡ್ಡ ಆಸ್ಪತ್ರೆಯಲ್ಲಿ ಶೈಲಾ ಮೊದಲ ಮಾತಿಗೇ, "ಇದು ಸೆಪ್ಸಿಸ್ ಇರಬಹುದೇನ್ರಿ?" ಎಂದು ಕೇಳಿದಳು. ರಕ್ತ ತೆಗೆದರು, ಸಲೈನ್ ಹಚ್ಚಿದರು, ಒಂದು ತಾಸಿನೊಳಗೆ ನಂಜು ಇಳಿಸುವ ಇಂಜೆಕ್ಷನ್ ಬಿತ್ತು. ಆಮೇಲೆ ಐಸಿಯು ಬಾಗಿಲು ಮುಚ್ಚಿತು. ಮೂವತ್ತು ವರ್ಷ ಜೊತೆಗಿದ್ದವಳು ಒಳಗೆ, ಕಾಸಿಮಸಾಬ ಹೊರಗೆ.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಸೌಂದರ್ಯಾ ಒಂದು ಕಾಗದ ಹಿಡಿದು ಬಂದರು.

"ಚಾಚಾ, ಚಿಕಿತ್ಸಾ ನಡದೈತಿ. ಸೆಪ್ಸಿಸ್ ಇನ್ನೂ ಲಗೂನ ಹೆಂಗ ಗುರುತು ಹಿಡೀಬೇಕು ಅಂತ ನಾವಿಲ್ಲೆ ಒಂದ ಸಂಶೋಧನಾ ಮಾಡಾಕತ್ತೀವಿ. ಅದಕ್ಕ ಚಾಚಿದು ಎರಡ ಚಮಚ ರಕ್ತ ಹೆಚ್ಚಿಗಿ ಬೇಕಾಗಿತ್ತು. ನೀವು ಒಪ್ಪಿದ್ರ ಅಷ್ಟ."

ಕಾಸಿಮಸಾಬ ಕೆರಳಿದ. "ನನ್ನ ಹೇಣ್ತಿ ಜೀವಾ ತೂಗಾಡಾಕತ್ತೈತಿ, ನಿಮಗ ಸಂಶೋಧನಾ ಬೇಕಾಗೇತೇನ್ರಿ ಬಾಯಾರ? ಬಡವರ ಮೈ ಅಂದ್ರ ಸಸ್ತಾ ಆತೇನು?"

ಡಾಕ್ಟರ್ ಬೇಸರಿಸಲಿಲ್ಲ. "ಬ್ಯಾಡ ಅನ್ನೂ ಹಕ್ಕ ನಿಮಗೈತ್ರಿ. ಬ್ಯಾಡ ಅಂದ್ರೂ ಔಷಧದಾಗ ಒಂದ ಹನಿ ಕಡಿಮಿ ಆಗೂದಿಲ್ಲ. ಇದರಿಂದ ಚಾಚಿಗೇ ಲಾಭ ಆಗತೈತಿ ಅಂತ ಸುಳ್ಳೂ ಹೇಳೂದಿಲ್ಲ. ಮುಂದ ಬರವ್ರಿಗೆ ಆಗಬಹುದು."

ಅವರು ಹೊರಟಾಗ ಕಾಸಿಮಸಾಬನೇ ತಡೆದ. "ತಡೀರಿ ಬಾಯಾರ. ಉಸರು ಎಣಿಸಬೇಕು, ತಾಸಿನ್ಯಾಗ ಇಂಜೆಕ್ಷನ್ ಕೊಡಬೇಕು ಅಂತ ನಿಮಗ ಹೆಂಗ ತಿಳೀತು?"

"ಹಿಂದಿನ ಪೇಷಂಟರಿಂದ್ರಿ. ಅವರ ಮನ್ಯಾವರೂ ಹಿಂಗ ಬಾಗಲ ಮುಂದ ನಿಂತು ಹೂಂ ಅಂದಿದ್ರು."

"ಅವರೆಲ್ಲಾ ಉಳದ್ರೇನ್ರಿ?"

"ಎಲ್ಲಾರೂ ಉಳೀಲಿಲ್ರಿ."

ಬದುಕಿ ಮನೆಗೆ ಮರಳದ ಯಾರ್ಯಾರೋ ತನ್ನ ಹೆಂಡತಿಗೆ ದಾರಿ ಮಾಡಿಕೊಟ್ಟಿದ್ದಾರೆ ಎಂಬ ಮಾತು ಕಾಸಿಮಸಾಬನ ಎದೆಗೆ ನಾಟಿತು. ಶೈಲಾ ಕಾಗದವನ್ನು ಪೂರ್ತಿ ಓದಿ ಹೇಳಿದಳು. ಅವನು ಕೇಳುವಷ್ಟು ಕೇಳಿ, ಸಹಿ ಮಾಡಿದ.

ನಾಲ್ಕನೆಯ ದಿನ ಹಾಜಿರಾಬಿಗೆ ಸರಿಯಾಗಿ ಎಚ್ಚರ ಬಂತು. ಡಾಕ್ಟರ್ ಅವಳಿಗೂ ಸಂಶೋಧನೆಯ ವಿಷಯ ಎಲ್ಲ ತಿಳಿಸಿ, ಬೇಡವೆಂದರೆ ಈಗಲೂ ಬಿಡಬಹುದು ಎಂದರು. ಅವಳು ಗಂಡನತ್ತ ತಿರುಗಿ, "ನನ್ನ ರಕ್ತಾ ನನ್ನ ಕೇಳದ ಕೊಟ್ರೇನು?" ಎಂದು ಗದರಿದಳು. ಗದರಿಸಿಕೊಂಡ ಕಾಸಿಮಸಾಬ ಅಳತೊಡಗಿದ. ತನ್ನನ್ನು ಗುರುತು ಹಿಡಿದಳಲ್ಲ ಎಂಬ ಸಂತೋಷ ಅದು.

"ಇರಲಿ ಬಿಡ್ರಿ ಬಾಯಾರ" ಎಂದಳು ಹಾಜಿರಾಬಿ. "ಇನ್ನೊಬ್ಬಾಕಿ ಉಳದ್ರ ಛಲೋ ಆತಲ್ಲ."

ಹನ್ನೊಂದನೆಯ ದಿನ ಅವಳು ಮನೆಗೆ ಬಂದಳು. ಕಾಲಲ್ಲಿ ಇನ್ನೂ ಬಲವಿಲ್ಲ, ಆದರೂ ಬಂದಳು. ಕಾಸಿಮಸಾಬ ಈಗ ದಿನಾ ನಮಾಜಿನ ನಂತರ ಶೈಲಾಳ ಹೆಸರು ಹೇಳಿ ದುವಾ ಬೇಡುತ್ತಾನೆ, ಡಾಕ್ಟರರ ಹೆಸರು ಹೇಳುತ್ತಾನೆ. ಆಮೇಲೆ, ಹೆಸರು ಗೊತ್ತಿಲ್ಲದ ಆ ಮಂದಿಗಾಗಿ ಇನ್ನೂ ಸ್ವಲ್ಪ ಹೊತ್ತು ಕೈ ಎತ್ತಿಯೇ ಕೂತಿರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಗಾಯವನ್ನು ಸಾಬೂನು ನೀರಿನಿಂದ ತೊಳೆಯಿರಿ, ಪುಡಿಗಿಡಿ ತುಂಬಬೇಡಿ. ಗಾಯ, ಹೆರಿಗೆ, ಕೆಮ್ಮು, ಉರಿಮೂತ್ರ, ಯಾವ ಸೋಂಕಾದರೂ ಸರಿ, ಮನೆಯವರಿಗೆ ಉಸಿರು ಜೋರಾದರೆ, ಮಾತು ತಪ್ಪಿದರೆ, ಮೂತ್ರ ಕಡಿಮೆಯಾದರೆ, ಮೈ ಸುಟ್ಟರೂ ತಣ್ಣಗಾದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಸಂಶೋಧನೆಗೆ ಒಪ್ಪಿಗೆ ಕೇಳಿದರೆ ನಿಮ್ಮ ಸಂಶಯವನ್ನೆಲ್ಲ ಕೇಳಿ ತಿಳಿದುಕೊಳ್ಳಿ. ಮನಸ್ಸು ಒಪ್ಪಿದರೆ ಹೂಂ ಅನ್ನಿ. ನೀವು ಎಂದೂ ನೋಡದ ಒಂದು ಮನೆಯವರು ಅದರಿಂದ ತಮ್ಮ ತಾಯಿಯನ್ನು ಮನೆಗೆ ಕರೆತಂದಾರು.