ಕಂಡಕ್ಟರನಿಗೇ ಹೋಲ್ಡಾನ್

ಸೋಂಕಿನ ಭಯಕ್ಕೆ ಊರೂರಿನ ಬಸ್ಸುಗಳೆಲ್ಲ ನಿಲ್ಲುವ ಹಿಂದಿನ ದಿನ ತಂಗಿಯ ಹಳ್ಳಿಗೆ ಬಂದಿಳಿದ ಕಂಡಕ್ಟರನಿಗೆ ಸಿಕ್ಕಿದ್ದು ಅಂಗಳದಾಚೆಯ ಒಂಟಿ ಕೋಣೆ. ಪಟ್ಟಣದಿಂದ ಬಂದವರು ಹದಿನಾಲ್ಕು ದಿನ ಬೇರೆ ಇರಬೇಕೆಂದು, ಊರವರೆಲ್ಲ ನರ್ಸಕ್ಕ ಎನ್ನುವ ಆರೋಗ್ಯ ಕಾರ್ಯಕರ್ತೆ ಕಡ್ಡಿ ಮುರಿದಂತೆ ಹೇಳಿದ್ದಳು. ತಂಗಿಗೆ ಬೇರೆ ದಿನ ತುಂಬಿತ್ತು.

ಇಪ್ಪತ್ತು ವರ್ಷ ಇಂಜಿನ್ ಸದ್ದಿನಲ್ಲೇ ಉಂಡು ತೂಕಡಿಸಿದ ಜೀವ! ಇಲ್ಲೋ, ಎಲೆ ಬಿದ್ದರೂ ಕೇಳುತ್ತದೆ. ಆ ಮೌನಕ್ಕೇ ಅವನಿಗೆ ತಲೆ ಚಿಟ್ಟು ಹಿಡಿಯಿತು.

ಎಂಟನೇ ದಿನ ಬೆಳಿಗ್ಗೆ, ಹಾಲಿನ ವ್ಯಾನು ಹತ್ತಿ ಪಟ್ಟಣ ಸೇರಿಬಿಡೋಣವೆಂದು ಹೊರಟೇಬಿಟ್ಟ. ಹೊಸ್ತಿಲು ದಾಟುವಷ್ಟರಲ್ಲಿ ಬೇಲಿಯಾಚೆಯಿಂದ ಕೂಗು ಬಂತು.

"ಹೋಲ್ಡಾನ್!"

ಬಸ್ಸು ನಿಲ್ಲಿಸಲು ತಾನೇ ದಿನಕ್ಕೆ ನೂರು ಸಲ ಕೂಗಿದ ಮಾತು. ಕಾಲು ತಾನಾಗಿ ನಿಂತಿತು. ನೋಡಿದರೆ ನರ್ಸಕ್ಕ, ಮಾಸ್ಕಿನೊಳಗೇ ನಗುತ್ತಿದ್ದಾಳೆ.

"ಎಲ್ಲಿಗೆ ಸವಾರಿ, ಕಂಡಕ್ಟ್ರೇ?"

"ಗುಂಡುಕಲ್ಲಿನ ಹಾಗಿದ್ದೀನಿ ಅಕ್ಕಾ. ಕೆಮ್ಮಿಲ್ಲ, ಜ್ವರ ಇಲ್ಲ. ಸುಮ್ನೆ ಯಾಕೆ ಇಲ್ಲಿ ಕೊಳೀಬೇಕು?"

"ಟಿಕೆಟ್ ಇಲ್ದೆ ಮೂಲೇಲಿ ಕೂತವನು ತಾನಾಗಿ ಎದ್ದು ಹೇಳ್ತಾನಾ? ಈ ಸೋಂಕೂ ಹಾಗೇ. ಮೈಯೊಳಗೆ ಕದ್ದು ಕೂತಿರುತ್ತೆ, ಹದಿನಾಲ್ಕು ದಿನದೊಳಗೆ ಯಾವಾಗ ಬೇಕಾದ್ರೂ ತಲೆ ಎತ್ತುತ್ತೆ. ನೀವು ಗುಂಡುಕಲ್ಲೇ ಇರಬಹುದು. ತಂಗಿ ಹೊಟ್ಟೇಲಿರೋದು ಕಲ್ಲಲ್ಲ."

ಮಾತು ನಾಟಿತು. ಗೊಣಗುತ್ತಲೇ ಒಳಗೆ ಹೋದ.

ಮಾರನೇ ದಿನ ಮೈ ಕೆಂಡ! ಪರೀಕ್ಷೆ ಮಾಡಿಸಿದರೆ ಸೋಂಕು. ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. "ಅಯ್ಯೋ ದೇವರೇ, ವ್ಯಾನಿನವರಿಗೆಲ್ಲ ಹಂಚಿಬಿಡ್ತಿದ್ದೆನಲ್ಲ" ಎಂದು ಹಣೆ ಚಚ್ಚಿಕೊಂಡ. ಅಂದಿನಿಂದ ನರ್ಸಕ್ಕ ಜ್ವರ ನೋಡಿ ಹೋಗುವಾಗಲೆಲ್ಲ ಕೈಮುಗಿಯುತ್ತಿದ್ದ.

ಮೌನವೂ ಪಳಗಿತು. ನೀರಿನ ಕೊಡದ ಸದ್ದಿನಲ್ಲೇ ತಂಗಿ ಎಲ್ಲಿದ್ದಾಳೆಂದು ಹೇಳಬಲ್ಲವನಾದ. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಆ ಕೊಡ ಉರುಳಿತು. ಹಿಂದೆಯೇ "ಅಮ್ಮಾ" ಎಂಬ ನರಳಾಟ. ಅವಳ ಗಂಡ ಹೊಲದಲ್ಲಿ. ಓಡಲು ಬಾಗಿಲಿಗೆ ಕೈ ಹಾಕಿದವನು ತನಗೆ ತಾನೇ "ಹೋಲ್ಡಾನ್" ಎಂದುಕೊಂಡ. ಗೂಟದಲ್ಲಿದ್ದ ಖಾಕಿ ಅಂಗಿಯ ಜೇಬಿನಿಂದ ಸೀಟಿ ತೆಗೆದು, ಕಿಟಕಿಗೆ ಬಂದು, ಉಸಿರಿದ್ದಷ್ಟೂ ಊದಿದ. ಆ ನಿಶ್ಶಬ್ದದಲ್ಲಿ ಸೀಟಿ ಹೊಲದ ಕೊನೆಗೂ ಮುಟ್ಟಿತು. ಗಂಡ ಓಡಿಬಂದ, ನರ್ಸಕ್ಕ ಬಂದಳು, ಆಂಬುಲೆನ್ಸೂ ಬಂತು. ಸಂಜೆಗೆ ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ.

ಅವನು ಪೂರ್ತಿ ಗುಣವಾಗಿ, ನರ್ಸಕ್ಕ ಒಪ್ಪಿದ ಮೇಲೆ, ಅಂಗಳ ದಾಟಿದ. ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದ ತಂಗಿ "ರೈಟ್ ರೈಟ್, ಬಾ ಅಣ್ಣಾ!" ಎಂದಳು. ಬಸ್ಸು ಹೊರಡಿಸಲು ಊರಿಗೆಲ್ಲ ರೈಟ್ ಹೇಳಿದವನು ಅವತ್ತು ತಂಗಿಯ ರೈಟಿಗೆ ಹೊಸ್ತಿಲು ದಾಟಿ, ಮಗುವಿಗೆ ಕೈಚಾಚಿದ.

ಪ್ರಯಾಣ ಮಾಡಿ ಬಂದವರೇ, ನಿಮ್ಮ ಮನೆಯಲ್ಲೂ ಬಸುರಿ ಇರಬಹುದು, ವಯಸ್ಸಾದವರಿರಬಹುದು. ಮೈ ಚೆನ್ನಾಗಿದೆ ಅಂತ ಹೊಸ್ತಿಲು ದಾಟಬೇಡಿ. ಜ್ವರ ಬಂದರೆ ಮುಚ್ಚಿಡಬೇಡಿ. ನಿಮ್ಮೂರಿನ ನರ್ಸಕ್ಕ ರೈಟ್ ಅನ್ನುವವರೆಗೂ, ದಯವಿಟ್ಟು, ಹೋಲ್ಡಾನ್!